ಲಿವರ್‌ಗೆ ಒಂದು ಸ್ವಿಚ್ಚು, ಮೇದೋಜೀರಕಕ್ಕೆ ಇನ್ನೊಂದು

ಶುಗರ್ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಇನ್ಸುಲಿನ್. ಗ್ಲೂಕೋಸನ್ನು ಹಿಡಿದು ಕೆಲಸ ಮಾಡುವ ಕಿಣ್ವಗಳನ್ನು ಕೇಳುವವರೇ ಕಡಿಮೆ. ಆ ಕಿಣ್ವಗಳ ಜೀನ್‌ಗಳ ವಿಷಯಕ್ಕೆ ಬಂದರಂತೂ ತಿಳಿದವರೂ ಎಡವುತ್ತಾರೆ.

ತಪ್ಪು ಕಲ್ಪನೆ: ಲಿವರ್‌ನಲ್ಲಿರುವ ಜೀನ್‌ಗಳೇ ಬೇರೆ, ಸ್ನಾಯುವಿನಲ್ಲಿರುವವೇ ಬೇರೆ.

ವಾಸ್ತವ: ಕೋಶಕೇಂದ್ರವುಳ್ಳ ಹೆಚ್ಚೂಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಗಂಟು. ಯಾವುದನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದು ಅಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಆಲ್ಡೊಲೇಸ್ ಕಿಣ್ವಕ್ಕೆ ಮೂರು ಜೀನ್‌ಗಳಿವೆ. ಸ್ನಾಯು ಮುಖ್ಯವಾಗಿ ‘ಎ’ಯನ್ನು ಓದುತ್ತದೆ, ಲಿವರ್ ‘ಬಿ’ಯನ್ನು, ಮಿದುಳು ‘ಸಿ’ಯನ್ನು. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸನ್ನು ಅರಗಿಸಲು ‘ಬಿ’ ಬೇಕೇ ಬೇಕು. ಅದು ಕೆಟ್ಟು ಹುಟ್ಟಿದ ಮಗುವಿಗೆ ಹಣ್ಣು, ಜೇನು, ಸಕ್ಕರೆ ಬಾಯಿಗೆ ಬಿದ್ದಾಗ ವಾಂತಿ ಶುರುವಾಗುತ್ತದೆ, ರಕ್ತದ ಗ್ಲೂಕೋಸ್ ಕುಸಿಯುತ್ತದೆ.

ತಪ್ಪು ಕಲ್ಪನೆ: ಗ್ಲೂಕೋಸ್ ಬಳಸುವ ಜೀನ್‌ಗಳನ್ನೆಲ್ಲ ಇನ್ಸುಲಿನ್ನೇ ಚಾಲೂ ಮಾಡುತ್ತದೆ.

ವಾಸ್ತವ: ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಗ್ಲೂಕೋಕೈನೇಸ್ ಎಂಬ ಒಂದೇ ಕಿಣ್ವ ಈ ಮಾತನ್ನು ಸುಳ್ಳು ಮಾಡುತ್ತದೆ. ಗ್ಲೂಕೋಸ್‌ಗೆ ಫಾಸ್ಫೇಟ್ ಅಂಟಿಸುವುದು ಇದರ ಕೆಲಸ. ಸ್ನಾಯು, ಮಿದುಳಿನಲ್ಲಿರುವ ಇದರ ದಾಯಾದಿ ಹೆಕ್ಸೋಕೈನೇಸ್‌ಗಳಿಗೆ ಗ್ಲೂಕೋಸ್ ಚೂರು ಇದ್ದರೂ ಸಾಕು. ಗ್ಲೂಕೋಕೈನೇಸ್ ಹಾಗಲ್ಲ. ಗ್ಲೂಕೋಸ್ ಡೆಸಿಲೀಟರಿಗೆ ಸುಮಾರು 145 ಮಿಲಿಗ್ರಾಂ ತಲುಪಿದಾಗಷ್ಟೇ ಅದು ಅರ್ಧ ವೇಗಕ್ಕೆ ಬರುತ್ತದೆ. ಆದ್ದರಿಂದ ಉಪವಾಸದಲ್ಲಿ ನಿಧಾನ, ಊಟದ ನಂತರ ಚುರುಕು.

7ನೇ ವರ್ಣತಂತುವಿನಲ್ಲಿರುವ ಇದರ ಜೀನ್‌ಗೆ ಓದು ಶುರುವಾಗುವ ಜಾಗಗಳು ಎರಡು. ಲಿವರ್ ಬಳಸುವ ಜಾಗಕ್ಕೆ ಇನ್ಸುಲಿನ್‌ನ ಆಜ್ಞೆ ಬೇಕು. ಊಟವಾದ ಮೇಲೆ ಓದು ಏರುತ್ತದೆ, ಹೊಟ್ಟೆ ಖಾಲಿ ಇದ್ದಾಗ ಇಳಿಯುತ್ತದೆ. ಮೇದೋಜೀರಕದ ಬೀಟಾ ಕೋಶಗಳು ಬಳಸುವುದು ಇನ್ನೊಂದು ಜಾಗವನ್ನು. ಅಲ್ಲಿ ಓದು ಇನ್ಸುಲಿನ್‌ಗೆ ಕಾಯದೆ ನಡೆದೇ ಇರುತ್ತದೆ. ಅದಕ್ಕೆ ಕಾರಣ ಸರಳ: ಇನ್ಸುಲಿನ್ ಎಷ್ಟು ಬಿಡಬೇಕೆಂದು ಅಳೆಯುವುದೇ ಅಲ್ಲಿನ ಗ್ಲೂಕೋಕೈನೇಸ್. ಅಳೆಯುವವನೇ ಆಜ್ಞೆಗೆ ಕಾದು ಕೂತರೆ ಊಟ ಅರಗಿದ ಹಾಗೇ! ಎರಡೂ ಕಡೆ ತಯಾರಾಗುವ ಕಿಣ್ವದಲ್ಲಿ ವ್ಯತ್ಯಾಸ ಆರಂಭದ ಸುಮಾರು 15 ಅಮೈನೋ ಆಮ್ಲಗಳದ್ದು ಮಾತ್ರ.

ತಪ್ಪು ಕಲ್ಪನೆ: ಉಂಡ ಕೂಡಲೇ ಆಗುವ ಬದಲಾವಣೆಯೆಲ್ಲ ಜೀನ್‌ಗಳದ್ದು.

ವಾಸ್ತವ: ಜೀನ್ ಓದಿ ಹೊಸ ಕಿಣ್ವ ತಯಾರಾಗಲು ಗಂಟೆಗಳೇ ಬೇಕು. ಲಿವರ್ ಅಷ್ಟು ಹೊತ್ತು ಕಾಯುವುದಿಲ್ಲ. ಉಪವಾಸದಲ್ಲಿ ಒಂದು ಪ್ರೋಟೀನ್ ಗ್ಲೂಕೋಕೈನೇಸನ್ನು ಹಿಡಿದು ಕೋಶಕೇಂದ್ರದೊಳಗೆ ಇಟ್ಟಿರುತ್ತದೆ. ಗ್ಲೂಕೋಸ್ ಏರಿದಾಗ ಬಿಟ್ಟುಕೊಡುತ್ತದೆ. ಜೀನ್‌ನ ಓದು ಹಿಂದಿನಿಂದ ಬಂದು ದಾಸ್ತಾನು ತುಂಬಿಸುತ್ತದೆ.

ತಪ್ಪು ಕಲ್ಪನೆ: ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಉಪವಾಸದಲ್ಲಿ ಕರಗಿ ನೇರ ರಕ್ತಕ್ಕೆ ಸಕ್ಕರೆ ಕೊಡುತ್ತದೆ.

ವಾಸ್ತವ: ಕೊಡುವುದಿಲ್ಲ. ಫಾಸ್ಫೇಟನ್ನು ಕಳಚಿ ಗ್ಲೂಕೋಸನ್ನು ಹೊರಬಿಡುವ ಕಿಣ್ವದ ಜೀನನ್ನು ಲಿವರ್ ಮತ್ತು ಮೂತ್ರಪಿಂಡ ಓದುತ್ತವೆ, ಸ್ನಾಯು ಓದುವುದಿಲ್ಲ. ಲಿವರ್‌ನಲ್ಲೇ ಆ ಕಿಣ್ವವಿಲ್ಲದ ಮಕ್ಕಳ ಕಾಯಿಲೆಯನ್ನು ಫಾನ್ ಗಿಯರ್ಕೆ 1929ರಲ್ಲಿ ವರ್ಣಿಸಿದರು. ಕಾರಣ ಹಿಡಿದವರು ಕೋರಿ ದಂಪತಿ, 1952ರಲ್ಲಿ.

ತಪ್ಪು ಕಲ್ಪನೆ: ಹಾಲು ಅರಗದ ದೊಡ್ಡವರಲ್ಲಿ ಲ್ಯಾಕ್ಟೇಸ್ ಜೀನ್ ಕೆಟ್ಟಿರುತ್ತದೆ.

ವಾಸ್ತವ: ಸಾಮಾನ್ಯವಾಗಿ ಜೀನ್ ನೆಟ್ಟಗೇ ಇರುತ್ತದೆ. ಮಗು ಬೆಳೆದಂತೆ ಸಣ್ಣ ಕರುಳು ಅದನ್ನು ಓದುವುದು ಕಡಿಮೆಯಾಗುತ್ತದೆ, ಅಷ್ಟೆ. ಓದು ನಿಲ್ಲದಂತೆ ಮಾಡುವ ಒಂದು ಅಕ್ಷರದ ಬದಲಾವಣೆಯನ್ನು 2002ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಗುರುತಿಸಿದರು. ಅದು ಇರುವುದು ಸುಮಾರು 14,000 ಅಕ್ಷರ ದೂರದಲ್ಲಿ, ಪಕ್ಕದ ಜೀನ್‌ನೊಳಗೆ. ಭಾರತದಲ್ಲೂ ಇದೇ ಬದಲಾವಣೆ ಉಂಟು. ವಾಯವ್ಯದಲ್ಲಿ ಹೆಚ್ಚು, ನಮ್ಮ ದಕ್ಷಿಣದಲ್ಲಿ ಕಡಿಮೆ.

ತಪ್ಪು ಕಲ್ಪನೆ: ಜೀನ್‌ನಿಂದ ಬಂದ ಶುಗರ್ ಎಂದರೆ ಕಠಿಣವಾದದ್ದೇ.

ವಾಸ್ತವ: ಗ್ಲೂಕೋಕೈನೇಸ್ ಜೀನ್‌ನ ಒಂದು ಪ್ರತಿ ಕೆಟ್ಟವರಲ್ಲಿ ಫಾಸ್ಟಿಂಗ್ ಶುಗರ್ ಹುಟ್ಟಿನಿಂದಲೇ ಸುಮಾರು 100ರಿಂದ 145ರೊಳಗೆ ಇರುತ್ತದೆ, ವರ್ಷಗಳು ಉರುಳಿದರೂ ಹೆಚ್ಚೇನೂ ಏರುವುದಿಲ್ಲ. ಗರ್ಭಿಣಿಯರ ವಿಷಯ ಬಿಟ್ಟರೆ ಇವರಿಗೆ ಸಾಮಾನ್ಯವಾಗಿ ಮಾತ್ರೆಯೇ ಬೇಡ. ಎರಡೂ ಪ್ರತಿ ಕೆಟ್ಟರೆ ಮಾತ್ರ ಹಸುಗೂಸಿಗೇ ಮಧುಮೇಹ ಬರುತ್ತದೆ, ಚಿಕಿತ್ಸೆ ಬದುಕಿನುದ್ದಕ್ಕೂ ಬೇಕಾಗುತ್ತದೆ.