ಮರುಭೂಮಿಯ ಚಿತ್ರಗಳು ತಂದ ಮೂತ್ರಪಿಂಡ

ಆಸ್ಟ್ರೇಲಿಯಾ ಖಂಡದ ನಡುಭಾಗದಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣವಿದೆ. ಅಲ್ಲಿಂದ ಪಶ್ಚಿಮಕ್ಕೆ ಕೆಂಪು ಮಣ್ಣಿನ ದಾರಿಯಲ್ಲಿ 500 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿದರೆ ಕಿಂಟೋರ್ ಎಂಬ ಸಣ್ಣ ಊರು ಸಿಗುವುದು. ಹತ್ತಾರು ಸಾವಿರ ವರ್ಷಗಳಿಂದ ಆ ಖಂಡದಲ್ಲಿ ಬಾಳಿಬಂದಿರುವ ಮೂಲನಿವಾಸಿಗಳಲ್ಲಿ ಒಂದು ಪಂಗಡವಾದ ಪಿಂಟುಪಿ ಜನರ ಊರು ಇದು. ಇಲ್ಲಿ ಈಗ ರಕ್ತವನ್ನು ಶುದ್ಧಿಮಾಡುವ ಯಂತ್ರಗಳಿವೆ. ಅವನ್ನು ತರಲು ಮೂಲಧನವಾದುದು ಅಲ್ಲಿಯ ಹಿರಿಯರು ಬರೆದ ಚಿತ್ರಗಳು.

ಮೂತ್ರಪಿಂಡಕ್ಕೂ ಚಿತ್ರಕಲೆಗೂ ಎತ್ತಣ ಸಂಬಂಧ? ಇದನ್ನು ತಿಳಿಯಬೇಕಾದರೆ ಮೊದಲು ರೋಗದ ಪರಿಚಯವಾಗಬೇಕು. ನಮ್ಮ ಒಂದೊಂದು ಮೂತ್ರಪಿಂಡದಲ್ಲಿಯೂ ರಕ್ತವನ್ನು ಸೋಸುವ ಸುಮಾರು ಹತ್ತು ಲಕ್ಷ ಸೂಕ್ಷ್ಮ ಘಟಕಗಳಿರುವುವು. ಒಮ್ಮೆ ನಾಶವಾದವು ಮತ್ತೆ ಹುಟ್ಟುವುದಿಲ್ಲ. ಕಡಿಮೆ ತೂಕದಿಂದ ಹುಟ್ಟಿದ ಶಿಶುವಿಗೆ ಇವುಗಳ ಸಂಖ್ಯೆಯೇ ಕಡಿಮೆ. ಎಳವೆಯಲ್ಲಿ ಮೇಲಿಂದ ಮೇಲೆ ಬರುವ ಚರ್ಮದ ಸೋಂಕು, ಮುಂದೆ ಸಿಹಿಮೂತ್ರ ರೋಗ, ರಕ್ತದ ಒತ್ತಡ ಇವೆಲ್ಲ ಉಳಿದವನ್ನು ಕೆಡಿಸುವುವು. ಇಕ್ಕಟ್ಟಾದ ಮನೆ, ಸತ್ತ್ವವಿಲ್ಲದ ಆಹಾರ, ಬಡತನ ಇವು ಈ ಕಾರಣಗಳ ಹಿಂದಿರುವ ಕಾರಣಗಳು. ಆದುದರಿಂದಲೇ ದೂರದ ಊರುಗಳ ಮೂಲನಿವಾಸಿಗಳಲ್ಲಿ ಮೂತ್ರಪಿಂಡದ ವೈಫಲ್ಯವು ಇತರ ಆಸ್ಟ್ರೇಲಿಯನ್ನರಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು.

ಮೂತ್ರಪಿಂಡ ಸೋತವರಿಗೆ ಡಯಾಲಿಸಿಸ್ ಯಂತ್ರವೇ ಆಸರೆ. ಇದರಲ್ಲಿ ಕೂದಲೆಳೆಯಂತಹ ಸಾವಿರಾರು ಕೊಳವೆಗಳ ಕಟ್ಟೊಂದಿದೆ. ಕೊಳವೆಗಳ ಒಳಗೆ ರೋಗಿಯ ರಕ್ತವೂ, ಹೊರಗೆ ಹದವಾದ ಲವಣದ್ರಾವಣವೂ ಹರಿಯುವುವು. ಕೊಳವೆಯ ಗೋಡೆಯಲ್ಲಿರುವ ರಂಧ್ರಗಳು ಅತಿ ಸೂಕ್ಷ್ಮ; ರಕ್ತಕಣಗಳು ಅವುಗಳಲ್ಲಿ ತೂರಲಾರವು, ಯೂರಿಯಾದಂತಹ ಕಶ್ಮಲಗಳು ತೂರಬಲ್ಲವು. ಹೆಚ್ಚಿರುವೆಡೆಯಿಂದ ಕಡಿಮೆಯಿರುವೆಡೆಗೆ ಪಸರಿಸುವ ಪದಾರ್ಥಧರ್ಮದಿಂದ ಕಶ್ಮಲಗಳು ರಕ್ತವನ್ನು ಬಿಟ್ಟು ದ್ರಾವಣವನ್ನು ಸೇರುವುವು. ಒಂದು ಸಲಕ್ಕೆ ನಾಲ್ಕೈದು ಗಂಟೆ, ವಾರಕ್ಕೆ ಮೂರು ಸಲ ಈ ಕ್ರಿಯೆ ನಡೆಯಬೇಕು. ಬೇರೊಬ್ಬರ ಮೂತ್ರಪಿಂಡವನ್ನು ಜೋಡಿಸುವವರೆಗೆ, ಇಲ್ಲವೆ ಜೀವಮಾನವಿಡೀ, ಇದರಿಂದ ಬಿಡುವಿಲ್ಲ.

ಕಿಂಟೋರಿನ ರೋಗಿಗಳಿಗೆ ಕಷ್ಟ ಬಂದುದು ಇಲ್ಲಿಯೇ. ಯಂತ್ರವಿದ್ದುದು ಆಲಿಸ್ ಸ್ಪ್ರಿಂಗ್ಸಿನಲ್ಲಿ. ವಾರಕ್ಕೆ ಮೂರು ಸಲ ಅಷ್ಟು ದೂರ ಹೋಗಿಬರುವುದು ಸಾಧ್ಯವೆ? ರೋಗಿಯು ಊರನ್ನೇ ತೊರೆದು, ಬಂಧುಗಳಿಲ್ಲದ, ತನ್ನ ಮಾತನ್ನು ಆಡುವವರು ವಿರಳವಾದ ಪಟ್ಟಣದಲ್ಲಿ ನೆಲೆಸಬೇಕಾಗಿತ್ತು. ಹೀಗೆ ಹೋದವರಲ್ಲಿ ಹಲವರು ಊರಿನ ಹಿರಿಯರು. ಯಾವ ನೀರುಗುಂಡಿ ಎಲ್ಲಿದೆ, ಯಾವ ಬೆಟ್ಟದ ಹಾಡು ಯಾವುದು, ಯಾವ ಗಿಡ ಯಾವುದಕ್ಕೆ ಮದ್ದು ಎಂಬುದನ್ನು ಮೊಮ್ಮಕ್ಕಳಿಗೆ ಕಲಿಸಬೇಕಾದವರು. ಅವರು ದೂರವಾದರೆ ಊರಿನ ವಿದ್ಯೆಯೂ ದೂರವಾದಂತೆ.

ಇನ್ನು ಚಿತ್ರಗಳ ವಿಚಾರ. ಪುರಾತನ ಕಾಲದಿಂದಲೂ ಈ ಜನರು ವಿಧಿಗಳ ಸಂದರ್ಭದಲ್ಲಿ ನೆಲದ ಮೇಲೂ ಮೈಮೇಲೂ ಚಿತ್ರ ಬರೆಯುತ್ತಿದ್ದರು. ಒಂದರೊಳಗೊಂದಿರುವ ವೃತ್ತಗಳು ಅನೇಕ ವೇಳೆ ನೀರಿನ ತಾಣವನ್ನು ಅಥವಾ ಬೀಡನ್ನೂ, ಗೆರೆಗಳು ಪೂರ್ವಜರು ನಡೆದ ದಾರಿಯನ್ನೂ ಸೂಚಿಸುವುವು. 1971ರಲ್ಲಿ ಪಪುನ್ಯಾ ಎಂಬ ಊರಿನಲ್ಲಿ ಶಾಲೆಯ ಉಪಾಧ್ಯಾಯರಾಗಿದ್ದ ಜೆಫ್ರಿ ಬಾರ್ಡನ್ನರ ಪ್ರೋತ್ಸಾಹದಿಂದ ಹಿರಿಯರು ಈ ಆಕೃತಿಗಳನ್ನು ಗೋಡೆಗೂ ಹಲಗೆಗೂ ಇಳಿಸಿದರು. ಮರುವರ್ಷ ‘ಪಪುನ್ಯಾ ತುಲಾ’ ಎಂಬ ಕಲಾವಿದರ ಸಂಸ್ಥೆ ಸ್ಥಾಪಿತವಾಯಿತು. ಹೊರಗಿನವರು ನೋಡಬಾರದ ಪವಿತ್ರ ಭಾಗಗಳನ್ನು ಮರೆಮಾಡಿ, ಚುಕ್ಕೆಗಳಿಂದ ತುಂಬಿದ ಈ ಚಿತ್ರಗಳು ಲೋಕಪ್ರಸಿದ್ಧವಾದುವು.

2000ದ ನವೆಂಬರ್ ತಿಂಗಳಲ್ಲಿ ಈ ಪ್ರಸಿದ್ಧಿ ಸಮಾಜದ ಉಪಯೋಗಕ್ಕೆ ಬಂದಿತು. ಕಿಂಟೋರ್ ಮತ್ತು ನೆರೆಯ ಕಿವಿರ್‌ಕುರಾದ ಸ್ತ್ರೀಯರೂ ಪುರುಷರೂ ಪ್ರತ್ಯೇಕವಾಗಿ ಕೂಡಿ ಬರೆದ ನಾಲ್ಕು ದೊಡ್ಡ ಚಿತ್ರಗಳು, ಇತರ ಕೃತಿಗಳೊಡನೆ, ಸಿಡ್ನಿಯ ಕಲಾ ಸಂಗ್ರಹಾಲಯದಲ್ಲಿ ಹರಾಜಾದುವು. ಹತ್ತು ಲಕ್ಷ ಡಾಲರುಗಳಿಗೂ ಮಿಕ್ಕಿ ಹಣ ಸೇರಿತು. ಅದರಿಂದ ಹುಟ್ಟಿದ ಸಂಸ್ಥೆಯ ಪಿಂಟುಪಿ ಹೆಸರಿಗೆ ‘ನಮ್ಮ ಕುಟುಂಬಗಳನ್ನೆಲ್ಲ ಸ್ವಸ್ಥಗೊಳಿಸುವುದು’ ಎಂದರ್ಥ. ಆಲಿಸ್ ಸ್ಪ್ರಿಂಗ್ಸಿನಲ್ಲಿರುವ ಅದರ ಮನೆಯ ಬಣ್ಣದಿಂದ ಜನರು ಅದನ್ನು ‘ನೇರಳೆ ಮನೆ’ ಎಂದೇ ಕರೆಯುವರು. 2004ರಲ್ಲಿ ಕಿಂಟೋರಿನಲ್ಲಿ ಡಯಾಲಿಸಿಸ್ ಆರಂಭವಾಯಿತು.

ಕೆಲಸ ಸುಲಭವಾಗಿರಲಿಲ್ಲ. ಒಂದು ಸಲದ ಚಿಕಿತ್ಸೆಗೆ ಸುಮಾರು 120 ಲೀಟರ್ ಅತಿ ಶುದ್ಧವಾದ ನೀರು ಬೇಕು. ಮರುಭೂಮಿಯ ಅಂತರ್ಜಲವಾದರೋ ಲವಣಗಳಿಂದ ಕೂಡಿದುದು. ಆ ನೀರನ್ನು ಒತ್ತಡದಿಂದ ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಶುದ್ಧಿಮಾಡಬೇಕಾಯಿತು. ದಾದಿಯರು ಹೊರಗಿನಿಂದ ಬಂದರು. ಆದರೆ ರೋಗಿಯ ಭಾಷೆ ಬಲ್ಲ, ಅವನ ಬಂಧುವರ್ಗವನ್ನು ಅರಿತ ಸ್ಥಳೀಯ ಕಾರ್ಯಕರ್ತರ ನೆರವೂ ಅಷ್ಟೇ ಅಗತ್ಯ. ಸಂಸ್ಥೆಯ ಆಡಳಿತವೂ ಮೂಲನಿವಾಸಿಗಳ ಕೈಯಲ್ಲಿದೆ. ಆಡಳಿತಗಾರರಲ್ಲಿ ಸ್ವತಃ ರೋಗಿಗಳಾದವರುಂಟು. ಕಾಡುಗಿಡಗಳಿಂದ ಮುಲಾಮು ತಯಾರಿಸುವ ಕೆಲಸವೂ ಅಲ್ಲಿ ನಡೆಯುತ್ತಿದೆ.

2011ರಿಂದ ಯಂತ್ರಗಳನ್ನು ಹೊತ್ತ ನೇರಳೆ ಬಣ್ಣದ ಟ್ರಕ್ಕೊಂದು ದೂರದ ಊರುಗಳಿಗೆ ಹೋಗಿಬರುತ್ತಿದೆ. ಮದುವೆಯಿಲ್ಲವೆ ಸಾವು, ಹಬ್ಬವಿಲ್ಲವೆ ವಿಧಿ, ಯಾವುದಕ್ಕಾದರೂ ರೋಗಿ ತನ್ನವರನ್ನು ಸೇರಬಹುದು. 2018ರಲ್ಲಿ ಸರಕಾರವು ಅತಿ ದೂರದ ಊರುಗಳಲ್ಲಿ ದಾದಿಯರು ಅಥವಾ ಮೂಲನಿವಾಸಿ ಆರೋಗ್ಯ ಕಾರ್ಯಕರ್ತರು ನಡೆಸುವ ಡಯಾಲಿಸಿಸ್‌ಗೆ ರಾಷ್ಟ್ರೀಯ ಆರೋಗ್ಯ ವಿಮೆಯಿಂದ ಹಣ ಕೊಡಲು ಒಪ್ಪಿತು.

ಯಂತ್ರವು ರಕ್ತದಿಂದ ಕಶ್ಮಲವನ್ನು ತೆಗೆಯಬಲ್ಲುದು; ಅಗಲಿಕೆಯ ನೋವನ್ನು ತೆಗೆಯಲಾರದು. ಎರಡನೆಯದಕ್ಕೂ ಚಿಕಿತ್ಸೆ ಬೇಕೆಂದು ಮೊದಲು ಕಂಡುಕೊಂಡವರು ರೋಗಿಗಳ ಬಂಧುಗಳು. ತಮ್ಮ ನಾಡಿನ ಚಿತ್ರ ಬರೆದು, ತಮ್ಮವರನ್ನು ಅದೇ ನಾಡಿಗೆ ಕರೆತಂದರು. ಮರಳಿ ಬಂದ ಹಿರಿಯರು ಮೊಮ್ಮಕ್ಕಳ ನಡುವೆ ಕುಳಿತು ಮತ್ತೆ ಕಲಿಸುವಂತಾಯಿತು.