ಎಂಜಿನ್ನಿನ ಉಸಿರು

ಆಲೂರು ತಾಲ್ಲೂಕಿನ ಮಗ್ಗೆಯ ಸುತ್ತಿನಲ್ಲಿಯೂ ಸಕಲೇಶಪುರದ ಗುಡ್ಡಗಳಲ್ಲಿಯೂ ಕಾಫಿ ತೋಟದ ಏರುದಾರಿಗಳನ್ನು ಹತ್ತುವ ಜೀಪುಗಳನ್ನು ಕಾಣದವರಿಲ್ಲ. ಇಂಥ ಹಳೆಯ ಜೀಪುಗಳಿಗೆ ಕಸುವು ಸಾಲದೆಂದು ಕೆಲವರು ಸಿಲಿಂಡರನ್ನು ಕೊರೆಸಿ ಅಗಲಿಸುತ್ತಾರೆ. ಕೆಲವರು ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಕೂಡಿಸುತ್ತಾರೆ. ಈ ಉತ್ಸಾಹದಲ್ಲಿ ಮರೆತುಹೋಗುವ ಸಣ್ಣ ಕೊಳವೆಯೊಂದುಂಟು. ಮೆಕ್ಯಾನಿಕ್ಕುಗಳು ಅದನ್ನು ‘ಬ್ರೀದರ್’ ಎನ್ನುತ್ತಾರೆ. ಉಸಿರುಗೊಳವೆ ಎಂದರೂ ಸಲ್ಲುತ್ತದೆ.

ಸಿಲಿಂಡರಿನಲ್ಲಿ ಉರಿದ ಇಂಧನವು ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಪಿಸ್ಟನ್ನಿಗೆ ಬಿಗಿಯಾದ ರಿಂಗುಗಳಿದ್ದರೂ ಒಂದಿಷ್ಟು ಅನಿಲ ಸಂದಿನಲ್ಲಿ ನುಸುಳಿ, ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆಗೆ ಇಳಿಯುತ್ತದೆ. ಇದೇ ಕ್ರ್ಯಾಂಕ್‌ಕೇಸು. ಆ ಅನಿಲದಲ್ಲಿ ಉರಿಯದ ಇಂಧನದ ಆವಿ, ನೀರಾವಿ, ಮಸಿ ಇರುತ್ತವೆ. ಹೊರದಾರಿ ಕಾಣದಿದ್ದರೆ ಅದರ ಒತ್ತಡ ಏರಿ, ಆಯಿಲ್ ಸೀಲುಗಳ ಅಂಚಿನಿಂದ ಎಣ್ಣೆಯನ್ನು ಹೊರದೂಡುತ್ತದೆ. ಎಣ್ಣೆ ಬತ್ತಿದ ಎಂಜಿನ್ನು ಕಡಿದಾದ ಏರಿನ ನಡುವೆ ಸೀಜಾಗಿ ನಿಂತರೆ ಜೀಪಿನಲ್ಲಿರುವವರ ಪಾಡೇನು? ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕೇಡು. ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ಮುಗಿಯುವ ಕಿರುಪಯಣಗಳಲ್ಲಿ ನೀರಾವಿ ತಣಿದು ಎಣ್ಣೆಯೊಡನೆ ಕಲೆತು, ಎಣ್ಣೆ ಹೊಯ್ಯುವ ಮುಚ್ಚಳದೊಳಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಲೋಳೆ ಕಟ್ಟುತ್ತದೆ.

ಹಿಂದೆ ಬಹುಪಾಲು ಕಾರುಗಳಲ್ಲಿ ಈ ಕೊಳವೆ ನೆಲದ ಕಡೆಗೆ ಇಳಿಬಿದ್ದಿರುತ್ತಿತ್ತು. ಓಡುವ ವಾಹನದ ಕೆಳಗೆ ಬೀಸುವ ಗಾಳಿ ಆವಿಯನ್ನು ಸೆಳೆಯುತ್ತಿತ್ತು. ವಾಹನ ತೆವಳುತ್ತ ಏರುವಾಗ, ಅಂದರೆ ಬೇಕಾದಾಗಲೇ, ಆ ಸೆಳೆತವಿಲ್ಲ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಆವಿಯನ್ನು ಎಂಜಿನ್ನೇ ಮರಳಿ ಹೀರಿ ಉರಿಸುವಂತೆ ಕವಾಟವೊಂದಿತ್ತು. ಲಾಸ್ ಏಂಜಲೀಸ್ ನಗರವನ್ನು ಕವಿದ ಹೊಗೆಮಂಜಿಗೆ ಈ ಆವಿಯೂ ಕಾರಣವೆಂದು ತಿಳಿದ ಮೇಲೆ, 1960ರ ದಶಕದ ಆರಂಭದಲ್ಲಿ ಅಮೆರಿಕದ ಹೊಸ ಕಾರುಗಳಿಗೂ ಅದು ಬಂದಿತು.

ಪೆಟ್ರೋಲ್ ಎಂಜಿನ್ನಿನ ಗಾಳಿ ಸೇರುವ ಮಾರ್ಗದಲ್ಲಿ ಸೆಳೆತವಿರುತ್ತದೆ. ಕವಾಟದ ಮೂಲಕ ಆವಿ ಅಲ್ಲಿಗೆ ಹೋಗುತ್ತದೆ. ಅದರ ಎಡೆಗೆ ಏರ್ ಫಿಲ್ಟರಿನಿಂದ ಶುದ್ಧ ಗಾಳಿ ಬರುತ್ತದೆ. ಟರ್ಬೊ ಕೂಡಿಸಿದಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಸೆಳೆತವಿದ್ದೆಡೆ ಒತ್ತಡ ಹುಟ್ಟಿ, ಗಾಳಿಯನ್ನು ಕ್ರ್ಯಾಂಕ್‌ಕೇಸಿಗೇ ನುಗ್ಗಿಸಬಲ್ಲದು. ಆದುದರಿಂದ ಕವಾಟವು ಒಮ್ಮುಖವಾಗಿ ಬಿಗಿಯಾಗಿ ಮುಚ್ಚಬೇಕು. ಹೊರೆಯ ಹೊತ್ತಿನ ಆವಿಗೆ ಟರ್ಬೊ ಗಾಳಿ ಹೀರುವ ಬದಿಗೆ ಬೇರೆ ಕೊಳವೆ ಬೇಕು. ಬಲ ಹೆಚ್ಚಿದಷ್ಟೂ ನುಸುಳುವ ಅನಿಲ ಹೆಚ್ಚುವುದರಿಂದ ಹಳೆಯ ಕಿರುಗೊಳವೆ ಸಾಲದು.

ಕೊಳವೆಯನ್ನು ಎಣ್ಣೆ ಸಿಡಿಯುವೆಡೆಯಿಂದ ತೆಗೆಯಬಾರದು. ನಡುವೆ ಜೋತುಬೀಳಿಸಬಾರದು, ಜೋತಲ್ಲಿ ಎಣ್ಣೆ ನೀರು ನಿಂತು ದಾರಿ ಕಟ್ಟುತ್ತವೆ. ದಾರಿಯಲ್ಲಿ ಲೋಹದ ಜಾಲರಿಯುಳ್ಳ ಡಬ್ಬಿಯನ್ನಿಟ್ಟರೆ ಎಣ್ಣೆಯ ಹನಿಗಳು ಅಲ್ಲಿಯೇ ಉಳಿಯುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಇದು ಕೇವಲ ಅಚ್ಚುಕಟ್ಟಿನ ಮಾತಲ್ಲ. ಎಣ್ಣೆ ಧಾರಾಳವಾಗಿ ಒಳಸೇರಿದರೆ ಎಂಜಿನ್ನು ಅದನ್ನೇ ಇಂಧನವಾಗಿ ಉರಿಸುತ್ತ, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ, ಹತೋಟಿ ಮೀರಿ ಓಡಿ ಮುರಿದುಬೀಳಬಹುದು.

ಪೆಟ್ರೋಲ್ ಎಂಜಿನ್ನಿನಲ್ಲಿ ಕೆಲಸ ಸರಿಯಾಗಿದೆಯೇ ಎಂದು ನೋಡಲು ಒಂದು ಕಾಗದದ ಚೂರು ಸಾಕು. ಎಂಜಿನ್ನು ಕಾದ ಮೇಲೆ ಅದನ್ನು ನಿಧಾನಗತಿಯಲ್ಲಿ ಬಿಟ್ಟು, ಶುದ್ಧ ಗಾಳಿಯ ಕೊಳವೆಯನ್ನು ಕಳಚಿ ಎಂಜಿನ್ನಿನ ಕಡೆಯ ಬಾಯಿಗೆ ಕಾಗದ ಹಿಡಿಯಬೇಕು. ಅದು ಮೆಲ್ಲಗೆ ಅಂಟಿಕೊಂಡರೆ ಸೆಳೆತವಿದೆ. ಹಾರಿಹೋದರೆ ಕವಾಟ ಕಟ್ಟಿದೆ, ಇಲ್ಲವೇ ರಿಂಗುಗಳು ಸವೆದಿವೆ. ಡಬ್ಬಿಯನ್ನಂತೂ ಮಳೆಗಾಲದಲ್ಲಿ ಬೇಸಗೆಗಿಂತ ಬೇಗಬೇಗ ಬರಿದುಮಾಡಬೇಕು. ಆಗ ಅದರಲ್ಲಿ ಎಣ್ಣೆಯೊಡನೆ ನೀರೂ ನಿಲ್ಲುತ್ತದೆ.