ಕಳ್ಳಗಾಳಿಯ ಬೆನ್ನು ಹತ್ತುವವರು

ಗುರುವಾಯನಕೆರೆಯ ತಿರುವಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಬ್ರೇಕ್ ಹಿಡಿದರೂ ಎಂಜಿನ್ ಎರಡು ಮೂರು ಸೆಕೆಂಡು ಕೂಗುತ್ತಲೇ ಇರುತ್ತದೆ. ಬೆಳಿಗ್ಗೆ ಚೋಕ್ ಹಾಕದೆ ಸ್ಟಾರ್ಟ್ ಆಗುವುದಿಲ್ಲ, ಚೋಕ್ ತೆಗೆದರೆ ಆಫ್. ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಸಿಡಿಯುತ್ತದೆ. “ರೇಸ್ ಇಳಿಯುದೇ ಇಲ್ಲ ಅಣ್ಣ” ಎಂದು ಸೆಕೆಂಡ್ ಹ್ಯಾಂಡ್ ಬೈಕನ್ನು ಗ್ಯಾರೇಜಿಗೆ ತಂದವರಿಗೆ ಸಿಗುವ ಮೊದಲ ಉತ್ತರ ಹೆಚ್ಚಾಗಿ ಒಂದೇ: “ಏರ್ ಎಳೀತಾ ಉಂಟು.”

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಈ ಮಾತು ಕೇಳದ ಗ್ಯಾರೇಜು ಸಿಗುವುದು ಕಷ್ಟ. ಮೂಡುಬಿದಿರೆ ಕಾಲೇಜುಗಳ ಊರು. ಓದಲು ಬಂದ ಹುಡುಗರು ಹಳೆಯ ಬೈಕ್ ಕೊಂಡು, ಓದು ಮುಗಿದಾಗ ಅದನ್ನು ಮತ್ತೊಬ್ಬರಿಗೆ ಮಾರಿ ಹೋಗುತ್ತಾರೆ. ಬೆಳ್ತಂಗಡಿಯ ಕಡೆ ಬೈಕು ಎಂದರೆ ತೋಟದ ಕೆಲಸದ ಗಾಡಿ: ಅಡಿಕೆ ಮೂಟೆ, ರಬ್ಬರ್ ಶೀಟು, ಹಾಲಿನ ಕ್ಯಾನು ಎಲ್ಲವೂ ಅದರ ಮೇಲೆಯೇ. ಬಿ.ಸಿ.ರೋಡಿನಲ್ಲಿ ನಿಂತು ನೋಡಿದರೆ ಮಂಗಳೂರಿನ ಕೆಎ 19, ಪುತ್ತೂರಿನ ಕೆಎ 21, ಬಂಟ್ವಾಳದ್ದೇ ಆದ ಕೆಎ 70 ಮೂರೂ ನಂಬರಿನ ಗಾಡಿಗಳು ಒಂದರ ಹಿಂದೊಂದು ಹೋಗುತ್ತಿರುತ್ತವೆ. ಇವುಗಳಲ್ಲಿ ಎಷ್ಟೋ ಗಾಡಿಗಳು ಎರಡನೆಯ, ಮೂರನೆಯ ಯಜಮಾನರ ಕೈಯಲ್ಲಿವೆ.

ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ನೋಡಿಕೊಳ್ಳುವುದು ಕಾರ್ಬೊರೇಟರ್. ತನ್ನ ಮೂಲಕ ಹಾದುಹೋಗುವ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಅದು ಬೆರೆಸಿ ಕಳಿಸುತ್ತದೆ. ಕಾರ್ಬೊರೇಟರಿಗೂ ಎಂಜಿನ್ ಹೆಡ್ಡಿಗೂ ನಡುವೆ ಎಲ್ಲೋ ಒಂದು ಬಿರುಕು ಬಿತ್ತೆನ್ನಿ, ಅಲ್ಲಿಂದ ನುಗ್ಗುವ ಗಾಳಿ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಎಳನೀರಿನ ಸ್ಟ್ರಾದಲ್ಲಿ ತೂತಿದ್ದರೆ ಎಷ್ಟು ಎಳೆದರೂ ಬಾಯಿಗೆ ಗಾಳಿಯೇ ಬರುತ್ತದಲ್ಲ, ಹಾಗೆ.

ಆಕ್ಸಿಲರೇಟರ್ ಬಿಟ್ಟಾಗ ಕಾರ್ಬೊರೇಟರಿನ ಬಾಯಿ ಬಹುಪಾಲು ಮುಚ್ಚಿರುತ್ತದೆ, ಪಿಸ್ಟನ್ ಮಾತ್ರ ಎಳೆಯುತ್ತಲೇ ಇರುತ್ತದೆ. ಒಳಗಿನ ಎಳೆತ ಅತಿ ಹೆಚ್ಚಿರುವುದು ಆಗಲೇ. ಕೂದಲೆಳೆಯ ಬಿರುಕೂ ಆಗ ದೊಡ್ಡ ಬಾಗಿಲಾಗುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಒಳಬರುವ ಗಾಳಿಯ ಪ್ರಮಾಣವೇ ಅಪಾರವಾದ್ದರಿಂದ ಬಿರುಕಿನ ಪಾಲು ಲೆಕ್ಕಕ್ಕೆ ಬರುವುದಿಲ್ಲ. ಓಡುವಾಗ ಸರಿಯಿದ್ದ ಗಾಡಿ ನಿಂತಾಗ ತಕರಾರು ಮಾಡುವುದು, ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತುವಾಗ ಸುಮ್ಮನಿದ್ದದ್ದು ಇಳಿಯುವಾಗ ಸಿಡಿಯುವುದು ಈ ಕಾರಣಕ್ಕೇ.

ಅನುಭವವಿಲ್ಲದ ಕೈ ಮೊದಲು ಹೋಗುವುದು ಐಡ್ಲಿಂಗ್ ಸ್ಕ್ರೂಗೆ. ಒಂದು ಸುತ್ತು ತಿರುಗಿಸಿದರೆ ಗಾಡಿ ಅಂದಿಗೆ ಸುಮ್ಮನಾಗುತ್ತದೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಆಫ್ ಆಗುತ್ತದೆ, ಮತ್ತೊಂದು ಸುತ್ತು. ಹಳೆಯ ಬೈಕಿನ ದೊಡ್ಡ ಶತ್ರು ಈ ಸ್ಕ್ರೂಡ್ರೈವರ್ ಚಿಕಿತ್ಸೆ. ಬಲ್ಲ ಮೆಕ್ಯಾನಿಕ್ ಸ್ಕ್ರೂ ಮುಟ್ಟುವ ಮೊದಲು ಗಾಡಿ ಸ್ಟಾರ್ಟ್ ಮಾಡಿ ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸುತ್ತಾನೆ. ಆಗ ರೇಸ್ ಏರಿದರೆ ತಪ್ಪು ಕೇಬಲಿನದು, ಗಾಳಿಯದಲ್ಲ. ಅದು ಸರಿಯಿದ್ದರೆ ಚೋಕನ್ನು ಅರ್ಧ ಎಳೆಯುತ್ತಾನೆ. ಬಿಸಿಯಾದ ಎಂಜಿನ್ ಚೋಕ್ ಹಾಕಿದ ಮೇಲೇ ಹದಕ್ಕೆ ಬಂದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಗಾಳಿ ಹೆಚ್ಚಾಗಿದೆ ಎಂದರ್ಥ. ಆಮೇಲೆ ಪ್ಲಗ್ ಬಿಚ್ಚಿ ನೋಡುವುದು. ತುದಿ ಬಿಸ್ಕೆಟ್ ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಅನುಮಾನ ಗಟ್ಟಿಯಾಯಿತು.

ಇನ್ನು ಜಾಗ ಹುಡುಕಬೇಕು. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇಯನ್ನು ಒಂದೊಂದು ಜಾಯಿಂಟಿಗೂ ಚೂರು ಚೂರು ಹೊಡೆಯುತ್ತಾರೆ. ಬಿರುಕಿನ ಮೇಲೆ ಬಿದ್ದ ಕ್ಷಣ ಎಂಜಿನ್ನಿನ ಸದ್ದು ಬದಲಾಗುತ್ತದೆ. ಆ ಸ್ಪ್ರೇ ಬೆಂಕಿ ಹಿಡಿಯುವಂಥದ್ದು, ಕಾದ ಸೈಲೆನ್ಸರಿನಿಂದ ದೂರವಿಡಲೇಬೇಕು. ಸಣ್ಣ ಮೂತಿಯ ಬಾಟಲಿಯಿಂದ ನೀರು ಚಿಮುಕಿಸುವುದು ಇನ್ನೂ ಕ್ಷೇಮ: ನೀರು ಬಿರುಕನ್ನು ಒಂದು ಗಳಿಗೆ ಮುಚ್ಚುತ್ತದೆ, ಏರಿದ್ದ ರೇಸ್ ಇಳಿದು ತಪ್ಪಿತಸ್ಥ ಜಾಯಿಂಟನ್ನು ತೋರಿಸುತ್ತದೆ. ಊದುಬತ್ತಿಯ ಹೊಗೆ ಹಿಡಿದು ನೋಡುವವರೂ ಇದ್ದಾರೆ. ಪೆಟ್ರೋಲ್ ಜಿನುಗುವ ಜಾಗದಲ್ಲಿ ಕೆಂಡ ಹಿಡಿಯುವುದು ಬೇಡವೇ ಬೇಡ. ಇನ್ನೊಂದು ಹಳೆಯ ಪರೀಕ್ಷೆ ಏರ್ ಫಿಲ್ಟರಿನ ಪೈಪು ತೆಗೆದು ಕಾರ್ಬೊರೇಟರಿನ ಬಾಯಿಗೆ ಅಂಗೈ ಒತ್ತುವುದು. ಎಂಜಿನ್ ತಕ್ಷಣ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಿದ್ದರೆ ಅದು ಬೇರೆಲ್ಲಿಂದಲೋ ಉಸಿರಾಡುತ್ತಿದೆ.

ಯಾವ ಗಾಡಿಯಲ್ಲಿ ಎಲ್ಲಿ ನೋಡಬೇಕು ಎಂಬುದರಲ್ಲೇ ಅರ್ಧ ವಿದ್ಯೆ ಇದೆ. 1994ರಲ್ಲಿ ಬಂದ ಹೀರೋ ಹೋಂಡಾ ಸ್ಪ್ಲೆಂಡರಿನ ಕಾರ್ಬೊರೇಟರನ್ನು ಎರಡು ಬೋಲ್ಟುಗಳು ಹಿಡಿದಿರುತ್ತವೆ, ನಡುವೆ ಒಂದು ಓ-ರಿಂಗ್. ಲೀಕ್ ನಿಲ್ಲಲಿ ಎಂದು ಹಿಂದಿನವರು ಬೋಲ್ಟುಗಳನ್ನು ಬಿಗಿದದ್ದೇ ಬಿಗಿದದ್ದು. ಅಲ್ಯೂಮಿನಿಯಂ ಮೈ ಬಾಗಿ ನಡುವೆ ಸಂದಿಯಾಗುತ್ತದೆ. ಎಷ್ಟು ಬಿಗಿದರೆ ಅಷ್ಟು ಲೀಕು. ದಪ್ಪ ಗಾಜಿನ ಮೇಲೆ ನಯವಾದ ಎಮ್ರಿ ಕಾಗದ ಹಾಸಿ, ಕಾರ್ಬೊರೇಟರಿನ ಮುಖವನ್ನು ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜಿ ಸಮ ಮಾಡಿ, ಹೊಸ ಓ-ರಿಂಗ್ ಕೂರಿಸಿ, ಎರಡೂ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಸರದಿಯಲ್ಲಿ ಬಿಗಿದರೆ ಮುಗಿಯಿತು. ಪಲ್ಸರಿನಂಥ ಗಾಡಿಗಳಲ್ಲಿ ಕಾರ್ಬೊರೇಟರನ್ನು ಹೆಡ್ಡಿಗೆ ಜೋಡಿಸುವ ರಬ್ಬರ್ ಮ್ಯಾನಿಫೋಲ್ಡ್ ಇರುತ್ತದೆ. ವರ್ಷಗಟ್ಟಲೆ ಎಂಜಿನ್ನಿನ ಬಿಸಿ ತಿಂದ ರಬ್ಬರ್ ಗಟ್ಟಿಯಾಗಿ, ಕೆಳಗಡೆ ಕಣ್ಣಿಗೆ ಬೀಳದ ಕಡೆ ಸೀಳುತ್ತದೆ. ಬಿಚ್ಚಿ ಬೆಳಕಿನಲ್ಲಿ ಬಗ್ಗಿಸಿ ನೋಡಿದರೆ ಮಾತ್ರ ಸೀಳು ಬಾಯಿ ತೆರೆಯುತ್ತದೆ. ಇದಕ್ಕೆ ಗಮ್ ಮೆತ್ತಿ ಟೇಪು ಸುತ್ತಿದವರ ಕೆಲಸ ಹೆಚ್ಚು ದಿನ ಬಾಳುವುದಿಲ್ಲ, ಏಕೆಂದರೆ ಪೆಟ್ರೋಲಿಗೆ ಕರಗದ ಗಮ್ ಕಡಿಮೆ. ಹೊಸ ಮ್ಯಾನಿಫೋಲ್ಡೇ ಅದಕ್ಕೆ ಮದ್ದು.

ಈಗ ಬಂಕಿನಲ್ಲಿ ಸಿಗುವ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ಗಾಡಿಗಳಿಗೆ ಇನ್ನೊಂದು ಪರೀಕ್ಷೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ ಬರಿಯ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರ್ ಮೊದಲೇ ತುಸು ಬಡಕಲು, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ, ಮಿಶ್ರಣ ಕೊಡುತ್ತಿರುತ್ತದೆ. ಅದರ ಮೇಲೆ ಸಣ್ಣ ಲೀಕೂ ಸೇರಿದರೆ ಮೊದಲು ತಡೆದುಕೊಳ್ಳುತ್ತಿದ್ದ ಎಂಜಿನ್ ಈಗ ತಡೆಯುವುದಿಲ್ಲ.

ಟೂ ಸ್ಟ್ರೋಕಿನ ಕತೆ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಯೆಜ್ಡಿಗಳ ತಯಾರಿಕೆ ನಿಲ್ಲಿಸಿದ್ದೂ, 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ನಿಂತದ್ದೂ 1996ರಲ್ಲಿ. ಕೊಂಡುಕೊಳ್ಳುವವರ ಆಸೆ ಮಾತ್ರ ಇಂದಿಗೂ ನಿಂತಿಲ್ಲ. ಈ ಎಂಜಿನ್ನುಗಳಲ್ಲಿ ಗಾಳಿ-ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಇರುವ ಕೆಳಮನೆಗೆ ಹೋಗಿ, ಅಲ್ಲಿಂದ ಮೇಲೇರುತ್ತದೆ. ಹಾಗಾಗಿ ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳೂ ಗಾಳಿ ತಡೆಯುವ ಬಾಗಿಲುಗಳೇ. ಆರ್‌ಎಕ್ಸ್ 100ರಲ್ಲಿ ಬಲಗಡೆಯ ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಕ್ಕೆ ಎಳೆದು ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಎಡಗಡೆಯ ಮ್ಯಾಗ್ನೆಟ್ ಬದಿಯದು ಹೋದರೆ ಹೊಗೆಯಿಲ್ಲ, ಎಣ್ಣೆ ಕಡಿಮೆಯಾಗುವುದಿಲ್ಲ. ಒಣಗಾಳಿ ಸದ್ದಿಲ್ಲದೆ ಒಳಗೆ ಹೋಗುತ್ತದೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಮಿಶ್ರಣ ಬಡಕಲಾದರೆ ಬಿಸಿ ಏರಿ, ಎಣ್ಣೆ ಇಳಿದು, ಒಂದು ದಿನ ಘಾಟಿಯಲ್ಲಿ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ. ಬೋರು ಮಾಡಿಸಿ ಹೊಸ ಪಿಸ್ಟನ್ ಹಾಕಿ ಸೀಲನ್ನು ಹಾಗೇ ಬಿಟ್ಟರೆ ಅದೇ ಜಾಮ್ ಮತ್ತೆ ಬರುತ್ತದೆ.

ಇದನ್ನು ಪತ್ತೆ ಮಾಡುವ ಒಳ್ಳೆಯ ಉಪಾಯ ಒತ್ತಡದ ಪರೀಕ್ಷೆ. ಕಾರ್ಬೊರೇಟರ್ ಮತ್ತು ಸೈಲೆನ್ಸರ್ ಬಿಚ್ಚಿ ಎರಡೂ ದ್ವಾರಗಳನ್ನು ರಬ್ಬರಿನಿಂದ ಮುಚ್ಚಿ, ಸುಮಾರು 6 ಪಿಎಸ್‌ಐ ಗಾಳಿ ತುಂಬಬೇಕು. ಬಿಪಿ ನೋಡುವ ಉಪಕರಣದ ಕೈಪಂಪೇ ಇದಕ್ಕೆ ಸಾಕು; ಅದರ 300ರ ಗುರುತು ಹೆಚ್ಚುಕಡಿಮೆ ಅಷ್ಟೇ ಒತ್ತಡ. ಮುಳ್ಳು ಕೆಲವು ನಿಮಿಷ ಅಲುಗದೆ ನಿಂತರೆ ಎಂಜಿನ್ ಭದ್ರ. ಇಳಿಯುತ್ತಿದ್ದರೆ ಬ್ಲಾಕಿನ ಬುಡದ ಪ್ಯಾಕಿಂಗ್, ಹೆಡ್, ಮ್ಯಾಗ್ನೆಟ್ಟಿನ ಹಿಂದಿನ ಸೀಲ್ ಎಲ್ಲಕ್ಕೂ ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆ ಎದ್ದ ಕಡೆ ಕಳ್ಳ ಸಿಕ್ಕಿಬೀಳುತ್ತಾನೆ. ಪ್ರತಿ ಗ್ಯಾರೇಜಿನ ಗೋಡೆಯಲ್ಲಿ ಇಂಥದೊಂದು ಪಂಪು ತೂಗುತ್ತಿರಬೇಕು. ಅಷ್ಟು ಅಗ್ಗದ ಸಾಧನ ಎಷ್ಟೋ ಎಂಜಿನ್ನುಗಳನ್ನು ಸುಮ್ಮಸುಮ್ಮನೆ ಬಿಚ್ಚುವುದರಿಂದ ಉಳಿಸುತ್ತದೆ.

ಈ ಕೆಲಸವನ್ನು ಹೆಚ್ಚಿನವರು ಕಲಿತದ್ದು ಹಿರಿಯ ಮೆಕ್ಯಾನಿಕ್ಕಿನ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತು. ಬೆಳ್ತಂಗಡಿ ತಾಲ್ಲೂಕಿಗೆ ಇನ್ನೊಂದು ದಾರಿಯೂ ಇದೆ, ಅದು ಉಜಿರೆಯ ರುಡ್‌ಸೆಟ್. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಶನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಮೂರೂ ಸೇರಿ 1982ರಲ್ಲಿ ಕಟ್ಟಿದ ಈ ಸಂಸ್ಥೆ ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ. ದ್ವಿಚಕ್ರ ವಾಹನ ರಿಪೇರಿ ಆ ತರಬೇತಿಗಳಲ್ಲೊಂದು. ಕಲಿತವರು ಸ್ವಂತ ಅಂಗಡಿ ತೆರೆಯಲು ಬ್ಯಾಂಕ್ ಸಾಲದ ದಾರಿಯನ್ನೂ ಅಲ್ಲಿ ತೋರಿಸುತ್ತಾರೆ. ಮುಂದೆ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಇದೇ ಮಾದರಿಯನ್ನು ಆರ್‌ಸೆಟಿ ಎಂಬ ಹೆಸರಿನಲ್ಲಿ ದೇಶದ ಜಿಲ್ಲೆ ಜಿಲ್ಲೆಗೆ ಒಯ್ದಿತು. ಉಜಿರೆಯ ಒಂದು ಪ್ರಯೋಗ ದೇಶದ ನಾನಾ ಮೂಲೆಗಳ ಗ್ಯಾರೇಜು ತಲುಪಿದ್ದು ಈ ಸೀಮೆ ಹೆಮ್ಮೆಪಡಬೇಕಾದ ಸಂಗತಿ.

2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿಎಸ್ 6 ಬೈಕುಗಳಲ್ಲಿ ಬಹುತೇಕ ಕಾರ್ಬೊರೇಟರೇ ಇಲ್ಲ. ಸೆನ್ಸರುಗಳು ಗಾಳಿಯ ಲೆಕ್ಕ ಹಿಡಿದು ಇಂಜೆಕ್ಟರಿನಿಂದ ಪೆಟ್ರೋಲ್ ಬಿಡಿಸುತ್ತವೆ. ಮ್ಯಾನಿಫೋಲ್ಡಿನ ರಬ್ಬರ್ ಮಾತ್ರ ಅಲ್ಲೂ ರಬ್ಬರೇ, ಅದೂ ಮುಂದೊಂದು ದಿನ ಸೀಳುತ್ತದೆ.

ಹಳೆಯ ಬೈಕ್ ಕೊಳ್ಳುವವರು ಮಾರುವವರ ಮನೆಗೆ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು, ಎಂಜಿನ್ ಮುಟ್ಟಿದರೆ ತಣ್ಣಗಿರಬೇಕು. ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಗಾಡಿ ತಣ್ಣಗಿನ ಸ್ಟಾರ್ಟಿಂಗಿನ ತಕರಾರನ್ನು ಬಚ್ಚಿಡುತ್ತದೆ. ಲೀಕ್ ಸರಿಪಡಿಸಿದ ಮೇಲೂ ಒಂದು ಕೆಲಸ ಬಾಕಿ. ಹಿಂದಿನ ಯಜಮಾನರ ಕಾಲದಲ್ಲಿ ಲೀಕನ್ನು ಮರೆಮಾಚಲು ಯಾರೋ ಕಾರ್ಬೊರೇಟರಿಗೆ ಪೆಟ್ರೋಲ್ ಹೆಚ್ಚು ಬಿಡುವ ದೊಡ್ಡ ಜೆಟ್ ಹಾಕಿರಬಹುದು, ಏರ್ ಸ್ಕ್ರೂವನ್ನು ಎತ್ತಲೋ ತಿರುಗಿಸಿರಬಹುದು. ಈಗ ಗಾಳಿಯ ದಾರಿ ಮುಚ್ಚಿದ್ದರಿಂದ ಅದೇ ಸೆಟ್ಟಿಂಗಿನಲ್ಲಿ ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಕಪ್ಪಾಗುತ್ತದೆ, ಮೈಲೇಜ್ ಇಳಿಯುತ್ತದೆ. ಕಂಪೆನಿಯ ಅಳತೆಯ ಜೆಟ್ಟನ್ನು ಮರಳಿ ಹಾಕಿ, ಎಂಜಿನ್ ಬಿಸಿಯಾದ ಮೇಲೆ ಏರ್ ಸ್ಕ್ರೂ, ಐಡ್ಲಿಂಗ್ ಎರಡನ್ನೂ ಹೊಸದಾಗಿ ಹೊಂದಿಸಿ, ಬಿ.ಸಿ.ರೋಡಿನಿಂದ ಸಿದ್ಧಕಟ್ಟೆ ದಾಟಿ ಮೂಡುಬಿದಿರೆಯವರೆಗೆ ಒಂದು ಸುತ್ತು ಓಡಿಸಿ, ಪ್ಲಗ್ಗನ್ನು ಇನ್ನೊಮ್ಮೆ ಬಿಚ್ಚಿ ನೋಡಬೇಕು.